ಯೂರೋಪಿನ ಛಾಯಾಚಿತ್ರಗಳು ಮತ್ತು ನನಗೆ ಬಿದ್ದ ಅಂಕಗಳು



ಮೂವತ್ತು ವರ್ಷಗಳಿಗೂ ಮಿಕ್ಕಿ ಕೆಂಪು ಶಾಯಿಯ ಪೆನ್ನು ಹಿಡಿದು ನಿಮ್ಮ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. ಅಂಚಿನಲ್ಲಿ ಗೀಟು ಎಳೆದು 'ಅಸ್ಪಷ್ಟ', 'ಅನಗತ್ಯ ವಿಸ್ತಾರ' ಎಂದು ಬರೆದದ್ದನ್ನು ನಿಮ್ಮಲ್ಲಿ ಕೆಲವರು ಇನ್ನೂ ಮರೆತಿಲ್ಲ. ಅದೇ ಪೆನ್ನು ನನ್ನತ್ತಲೇ ತಿರುಗಿದ ಪ್ರಸಂಗವೊಂದನ್ನು, ಅದರ ನೆಪದಲ್ಲಿ ನಾನು ತಡವಾಗಿ ಕಲಿತ ಒಂದಿಷ್ಟು ಇತಿಹಾಸವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನಿವೃತ್ತನಾದ ಮರುವರ್ಷ, ಎಂದರೆ 2018ರ ಮೇ ತಿಂಗಳಿನಲ್ಲಿ, ನಾನೂ ನನ್ನ ಮನೆಯವರೂ ಒಂದು ತಂಡದೊಡನೆ ಯೂರೋಪ್ ಪ್ರವಾಸ ಮಾಡಿ ಬಂದೆವು. ನವೋದಯ ಕಾಲದ ಇಟಲಿ, ಫ್ರಾನ್ಸಿನ ಮಹಾಕ್ರಾಂತಿ ಇವನ್ನೆಲ್ಲ ಪಠ್ಯಪುಸ್ತಕದ ಮಸುಕು ಚಿತ್ರಗಳನ್ನು ತೋರಿಸಿ ವರ್ಷವರ್ಷವೂ ಪಾಠ ಮಾಡಿದವನಿಗೆ ಆ ನೆಲವನ್ನು ಒಮ್ಮೆ ಮೆಟ್ಟಬೇಕೆಂಬ ಆಸೆ ಬಹುಕಾಲದ್ದು. ಹೊರಡುವ ಮುನ್ನ ಮಗ ಒಂದು ಒಳ್ಳೆಯ ಕ್ಯಾಮೆರಾ ಕೊಡಿಸಿದ. ಹದಿಮೂರು ದಿನಗಳಲ್ಲಿ ಎಂಟುನೂರ ನಲವತ್ತಾರು ಚಿತ್ರಗಳನ್ನು ತೆಗೆದೆ.

ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಸಂಜೆ ನೆಂಟರಿಷ್ಟರನ್ನು ಕರೆದು, ಪೆನ್‌ಡ್ರೈವನ್ನು ಟಿ.ವಿ.ಗೆ ಸಿಕ್ಕಿಸಿ, ಪ್ರದರ್ಶನ ಏರ್ಪಡಿಸಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದಾನೆ, ಅವನನ್ನೂ ಕರೆದಿದ್ದೆ. "ಸಂಕೋಚಪಡಬೇಡಪ್ಪ, ತಪ್ಪುಗಳಿದ್ದರೆ ಹೇಳು" ಎಂದೆ. ಹಾಗೆ ಹೇಳಿದ್ದೇ ತಪ್ಪಾಯಿತು. ಅವನು ಮೊದಮೊದಲು ವಿನಯದಿಂದ, ಆಮೇಲೆ ಉತ್ಸಾಹದಿಂದಲೇ ಹೇಳತೊಡಗಿದ. ಆಕಾಶವೆಲ್ಲ ಬಿಳಿ ಪಂಚೆ ಹರವಿದಂತೆ ಬೆಳ್ಳಗಾಗಿದೆ. ರೋಮಿನ ಕೊಲೊಸಿಯಂ ಮುಂದೆ ನಿಂತ ಸಹಪ್ರವಾಸಿಯ ನೆತ್ತಿಯಿಂದ ದೀಪದ ಕಂಬ ಹುಟ್ಟಿದೆ. ಐಫೆಲ್ ಗೋಪುರದ ಚಿತ್ರಗಳೇ ನಲವತ್ತೇಳು. ಪೀಸಾದ ಚಿತ್ರ ಬಂದಾಗಲಂತೂ ಕೊಂಚ ತಡೆದು, "ಸರ್, ಕ್ಷಮಿಸಿ. ಇದರಲ್ಲಿ ವಾಲುಗೋಪುರ ನೆಟ್ಟಗೆ ನಿಂತಿದೆ, ಪಕ್ಕದ ಚರ್ಚು ವಾಲಿದೆ" ಎಂದ. ಮನೆಯೆಲ್ಲ ನಗೆ. ನನ್ನ ಕೈ ವಾರೆಯಾಗಿ ಗೋಪುರದ ಓರೆಯನ್ನು ಸರಿಪಡಿಸಿಬಿಟ್ಟಿತ್ತು! 1173ರಲ್ಲಿ ಕಟ್ಟಲಾರಂಭಿಸಿದ ಆ ಗೋಪುರ ಬೀಳುವ ಭೀತಿಯಿಂದ 1990ರಲ್ಲಿ ಅದನ್ನು ಮುಚ್ಚಿ, ಬುಡದ ಮಣ್ಣನ್ನು ಒಂದು ಬದಿಯಿಂದ ನಿಧಾನವಾಗಿ ತೆಗೆದು, ಐದೂವರೆ ಡಿಗ್ರಿಯಷ್ಟಿದ್ದ ಓರೆಯನ್ನು ಸುಮಾರು ನಾಲ್ಕು ಡಿಗ್ರಿಗೆ ಇಳಿಸಿ, 2001ರಲ್ಲಿ ಮತ್ತೆ ತೆರೆದರು. ಎಂಜಿನಿಯರುಗಳು ಹನ್ನೊಂದು ವರ್ಷ ಹೆಣಗಿದ ಕೆಲಸವನ್ನು ನಾನು ಒಂದು ಕ್ಷಣದಲ್ಲಿ ಮಾಡಿದ್ದೆ.

ಈ ಟೀಕೆಗಳಾವುವೂ ನನ್ನನ್ನು ನೋಯಿಸಲಿಲ್ಲ. ನೋಯಿಸಿದ್ದು ನನ್ನ ನಾದಿನಿ ಕೇಳಿದ ಪ್ರಶ್ನೆ. ಅರ್ಧ ಗಂಟೆ ಸುಮ್ಮನೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ಭಾವ, ಅಕ್ಕ ಎಲ್ಲಿ? ಅಕ್ಕನೂ ಬಂದಿದ್ದಳು ತಾನೇ?" ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಕಾಫಿ ಲೋಟಗಳನ್ನು ಹಿಡಿದು ಬಂದ ನನ್ನ ಮನೆಯವರು, "ನಾನು ಬ್ಯಾಗು ಕಾಯ್ತಾ ಇದ್ದೆ ಕಣೇ" ಎಂದು ಹೇಳಿ ಒಳಗೆ ಹೋದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಸಮಾಧಾನ ಹೇಳಬಹುದಿತ್ತು.

ಅಂದು ರಾತ್ರಿ ನಿದ್ರೆ ಬಾರದೆ ಎದ್ದು ಕುಳಿತು ಎಣಿಸಿದೆ. ಎಂಟುನೂರ ನಲವತ್ತಾರರಲ್ಲಿ ಆಕೆ ಇದ್ದದ್ದು ಏಳರಲ್ಲಿ. ಅವುಗಳಲ್ಲಿ ನಾಲ್ಕರಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು. ಕಾರಣ ನನಗೆ ಗೊತ್ತಿತ್ತು. ಪ್ರತಿಯೊಂದು ಕಟ್ಟಡದ ಮುಂದೆಯೂ "ಸ್ವಲ್ಪ ಪಕ್ಕಕ್ಕೆ ಸರಿ, ಅಡ್ಡ ಬರ್ತೀಯ" ಎಂದು ಹೇಳಿದವನು ನಾನೇ. ಇತಿಹಾಸದ ಮೇಷ್ಟರಿಗೆ ಕಟ್ಟಡ 'ಶುದ್ಧವಾಗಿ' ಬೇಕಿತ್ತು. ಮೊಣಕಾಲು ನೋವಿನ ಆಕೆ ನೆರಳಿದ್ದ ಕಡೆ ಕುಳಿತು ಚೀಲಗಳನ್ನು ಕಾಯುತ್ತಿದ್ದಳು.

ಮೇಷ್ಟರಿಗೆ ಮನಸ್ಸು ಕೆಟ್ಟರೆ ಪುಸ್ತಕವೇ ಗತಿ. ಈ ಫೋಟೊ ತೆಗೆಯುವ ಹುಚ್ಚು ಪ್ರವಾಸಿಗೆ ಅಂಟಿಕೊಂಡದ್ದು ಯಾವಾಗ ಎಂದು ಹುಡುಕುತ್ತ ಹೋದೆ. ಹುಡುಕಾಟ ಮುಟ್ಟಿದ್ದು ಇಟಲಿಯ ಕೋಮೊ ಸರೋವರವನ್ನು. ಸ್ವಿಟ್ಜರ್‌ಲೆಂಡಿನಿಂದ ಇಟಲಿಗೆ ಇಳಿಯುವಾಗ ನಮ್ಮ ಬಸ್ಸು ಕೋಮೊ ಊರಿನ ಪಕ್ಕದಲ್ಲೇ ಹಾದುಹೋಗಿತ್ತು, ನಿಲ್ಲಿಸಿರಲಿಲ್ಲ. 1833ರ ಅಕ್ಟೋಬರಿನಲ್ಲಿ ಆ ಸರೋವರದ ದಂಡೆಯಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ವಿದ್ವಾಂಸ ಚಿತ್ರ ಬರೆಯಲು ಹೆಣಗುತ್ತಿದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಕಾನ್‌ಸ್ಟನ್ಸ್ ಜೊತೆಗಿದ್ದಳು. ಎದುರಿನ ದೃಶ್ಯ ಕಾಗದದ ಮೇಲೆ ಬಿದ್ದಂತೆ ಕಾಣಿಸುವ, ಗಾಜಿನ ಪಟ್ಟಕವುಳ್ಳ 'ಕ್ಯಾಮೆರಾ ಲೂಸಿಡಾ' ಎಂಬ ಉಪಕರಣ ಆಗ ಬಳಕೆಯಲ್ಲಿತ್ತು. ಕಂಡದ್ದರ ಮೇಲೆ ಪೆನ್ಸಿಲ್ ಆಡಿಸಿದರೆ ಸಾಕು. ಆದರೆ ಕಾನ್‌ಸ್ಟನ್ಸ್‌ಗೆ ಚಿತ್ರದ ಕೈಯಿತ್ತು, ಟಾಲ್ಬಟ್‌ನಿಗೆ ಇರಲಿಲ್ಲ. ಉಪಕರಣದಿಂದ ಕಣ್ಣು ತೆಗೆದು ನೋಡಿದರೆ ಕಾಗದದ ಮೇಲೆ ಬರೀ ಗೀಚು. ಆ ನಿರಾಶೆಯಲ್ಲೇ ಅವನಿಗೆ ಹೊಳೆಯಿತು: ಬೆಳಕು ಹೇಗೂ ಕಾಗದದ ಮೇಲೆ ಬೀಳುತ್ತಿದೆ, ಅದು ತಾನಾಗಿಯೇ ಅಚ್ಚೊತ್ತಿ ಉಳಿಯುವಂತೆ ಮಾಡಿದರೆ ಹೇಗೆ?

1835ರಲ್ಲಿ ಲೇಕಾಕಿನ ತನ್ನ ಮನೆಯ ಕಿಟಕಿಯೊಂದರ ಚಿಕ್ಕ ಚಿತ್ರವನ್ನು ಆತ ಬೆಳಕಿನಿಂದಲೇ ಕಾಗದದ ಮೇಲೆ ಮೂಡಿಸಿದ. 1841ರಲ್ಲಿ 'ಕ್ಯಾಲೊಟೈಪ್' ಎಂಬ ವಿಧಾನವನ್ನು ಸಿದ್ಧಗೊಳಿಸಿದ. ಕಾಗದದ ಒಂದು ನೆಗೆಟಿವಿನಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವ ಕ್ರಮವಿದು. ನೆಂಟರೊಡನೆ ನಾವು ಚಿತ್ರ ಹಂಚಿಕೊಳ್ಳುವ ಪದ್ಧತಿಯ ಬೇರು ಇಲ್ಲಿದೆ. ಚಿತ್ರ ಬರೆಯಲು ಬಾರದ ಒಬ್ಬ ಪ್ರವಾಸಿಯ ಸಂಕಟದಿಂದ ಕಾಗದದ ಛಾಯಾಗ್ರಹಣ ಹುಟ್ಟಿತೆಂದರೆ ತಪ್ಪಾಗಲಾರದು. ಮುಂದೆ ಕಾನ್‌ಸ್ಟನ್ಸ್ ಸಹ ಛಾಯಾಗ್ರಹಣದಲ್ಲಿ ಕೈಯಾಡಿಸಿದಳು. ಲೋಕದ ಮೊದಲ ಛಾಯಾಗ್ರಾಹಕಿಯರಲ್ಲಿ ಆಕೆಯೂ ಒಬ್ಬಳು. ಅವಳ ಹೆಸರನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಇತ್ತ ಪ್ಯಾರಿಸ್ಸಿನಲ್ಲಿ ಲೂಯಿ ದಾಗೇರ್ ಬೇರೊಂದು ದಾರಿಯಲ್ಲಿ, ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುತ್ತಿದ್ದ. ಟಾಲ್ಬಟ್‌ನದಕ್ಕಿಂತ ಅದು ಎಷ್ಟೋ ಸ್ಫುಟ. ಆದರೆ ತಗಡು ಒಂದೇ, ಅದರಿಂದ ಪ್ರತಿ ತೆಗೆಯುವಂತಿಲ್ಲ. ಆತ 1838ರಲ್ಲಿ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಎತ್ತರದ ಕಿಟಕಿಯಿಂದ ತೆಗೆದ ಚಿತ್ರ ಪ್ರಸಿದ್ಧವಾಗಿದೆ. ಜನರೂ ಗಾಡಿಗಳೂ ಗಿಜಿಗುಟ್ಟುವ ಬೀದಿ. ಚಿತ್ರದಲ್ಲಿ ಮಾತ್ರ ಅದು ಹಾಳು ಸುರಿಯುತ್ತದೆ. ತಗಡಿನ ಮೇಲೆ ಬೆಳಕು ನಿಮಿಷಗಟ್ಟಲೆ ಬೀಳಬೇಕಾಗಿದ್ದುದರಿಂದ ಓಡಾಡುವವರಾರೂ ಅದರಲ್ಲಿ ಮೂಡಲಿಲ್ಲ. ಮೂಡಿದ್ದು, ಮೂಲೆಯಲ್ಲಿ ಬೂಟು ತಿಕ್ಕಿಸಿಕೊಳ್ಳಲು ನಿಂತಿದ್ದ ಒಬ್ಬನ ಆಕಾರ, ಅವನ ಕಾಲ ಬಳಿ ಕುಳಿತ ಪಾಲಿಶ್‌ನವನ ಮಸುಕು ನೆರಳು. ತಂತಿ ಸಂದೇಶಕ್ಕೆ ಹೆಸರಾದ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಈ ಚಿತ್ರವನ್ನು ಕಣ್ಣಾರೆ ಕಂಡು, ಜನ ಮಾಯವಾದ ಈ ಸೋಜಿಗವನ್ನು ಕಾಗದ ಬರೆದು ಅಮೆರಿಕದಲ್ಲಿದ್ದ ಸೋದರರಿಗೆ ತಿಳಿಸಿದ. ಮಿತ್ರರೇ, ದಾಗೇರನ ಚಿತ್ರದಲ್ಲಿ ಜನರಿಲ್ಲದಿರಲು ರಾಸಾಯನಿಕಗಳ ಮಂದಗತಿ ಕಾರಣ. ನನ್ನ ಚಿತ್ರಗಳಲ್ಲಿ ಜನರಿಲ್ಲದಿರಲು ನಾನೇ ಕಾರಣ.

ಪ್ರವಾಸಚಿತ್ರಗಳ ಟೀಕೆಯೂ ಅಷ್ಟೇ ಹಳೆಯದು. ಪ್ಯಾರಿಸ್ಸಿನ ಲೆರ್‌ಬೂರ್ ಎಂಬ ಕನ್ನಡಕ, ಮಸೂರಗಳ ವ್ಯಾಪಾರಿ 1840ರ ದಶಕದ ಮೊದಲಲ್ಲಿ, ನಾನಾ ದೇಶಗಳ ದಾಗೇರ್ ಮಾದರಿಯ ಚಿತ್ರಗಳನ್ನು ಆಧರಿಸಿ ನೂರಕ್ಕೂ ಹೆಚ್ಚು ಮುದ್ರಿತ ನೋಟಗಳನ್ನು ಹೊರತಂದ. ಜನರಿಲ್ಲದ ಬೀದಿಗಳನ್ನು ಕೊಳ್ಳುವವರು ಮೆಚ್ಚುವುದಿಲ್ಲವೆಂದು ಕೆತ್ತನೆಗಾರರಿಂದ ಮನುಷ್ಯರನ್ನೂ ಗಾಡಿಗಳನ್ನೂ ಅಲ್ಲಲ್ಲಿ ಸೇರಿಸಿದ. ಇಂದು ಮೊಬೈಲಿನಲ್ಲಿ ಚಿತ್ರ ತಿದ್ದುವ ಮಕ್ಕಳನ್ನು ಗದರುವವರು ಇದನ್ನು ನೆನೆಯಬೇಕು. ಬಿಳಿಚಿಕೊಂಡ ಆಕಾಶವೂ ಹೊಸ ದೋಷವಲ್ಲ. ಆ ಕಾಲದ ಲೇಪಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ನೆಲ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಸುಟ್ಟುಹೋಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಕೂಡಿಸಿ ಅಚ್ಚು ಹಾಕಿದ. ಲಂಡನ್ನಿನಲ್ಲಿ ಅದೇ ದಶಕದಲ್ಲಿ ಹವ್ಯಾಸಿಗಳು ಸಂಘ ಕಟ್ಟಿಕೊಂಡು ತಂತಮ್ಮ ಚಿತ್ರಗಳ ಪ್ರತಿಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದರು. ನಮ್ಮ ಭಾನುವಾರದ ಸಂಜೆಯ ಪೂರ್ವಜರು ಇವರೇ.

ಇಲ್ಲಿ ನಮ್ಮ ನಾಡಿನ ಕಥೆಯೂ ಬಂದು ಸೇರುತ್ತದೆ. ಮದರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋಗಿ ದೇವಾಲಯಗಳ ಚಿತ್ರ ತೆಗೆದ. ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ತೀರ್ಪುಗಾರರು ಅವನ್ನು ಪರಿಶೀಲಿಸಿ ಮೊದಲ ದರ್ಜೆಯ ಪದಕವಿತ್ತರು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಮತ್ತೊಬ್ಬ ಸೈನ್ಯಾಧಿಕಾರಿ ಹಂಪೆಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವುಗಳಲ್ಲಿ ಸೆರೆಹಿಡಿದ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಾವೆಲ್ಲ ನೋಡಿದ್ದೇವೆ. ಶಾಲಾ ಪ್ರವಾಸದಲ್ಲಿ ನಿಮ್ಮನ್ನೂ ಅದರ ಮುಂದೆ ಸಾಲಾಗಿ ನಿಲ್ಲಿಸಿದ್ದೇನೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಈಗ ಅದಿಲ್ಲ. ಆ ಚಿತ್ರ ಉಳಿಯದಿದ್ದರೆ, ರಥ ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಂಬಿಬಿಡುತ್ತಿದ್ದೆವು. ಪರದೇಶದ ಪ್ರವಾಸಿಯೊಬ್ಬ ಹಿಡಿದ ಚಿತ್ರ ನಮ್ಮ ಪಾಲಿಗೆ ಸಾಕ್ಷ್ಯವಾಯಿತು.

ಇನ್ನು ನಮ್ಮಂಥ ತಂಡಪ್ರವಾಸಗಳ ಮೂಲಪುರುಷ ಥಾಮಸ್ ಕುಕ್. 1841ರಲ್ಲಿ ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಜನರನ್ನು ಕರೆದೊಯ್ದವನು 1863ರ ಹೊತ್ತಿಗೆ ಸ್ವಿಟ್ಜರ್‌ಲೆಂಡಿಗೆ ಒಯ್ಯತೊಡಗಿದ್ದ. ಅವನ ಹೆಸರಿನ ಬ್ರಿಟಿಷ್ ಸಂಸ್ಥೆ 2019ರಲ್ಲಿ ಮುಳುಗಿತು. ಅವನು ಹಾಕಿಕೊಟ್ಟ ಮಾದರಿ ಮುಳುಗಲಿಲ್ಲ. ಅವನ ಮೊದಮೊದಲ ಪ್ರವಾಸಿಗಳು ಚಿತ್ರಗಳನ್ನು ಅಂಗಡಿಯಲ್ಲಿ ಕೊಳ್ಳುತ್ತಿದ್ದರೇ ಹೊರತು ತೆಗೆಯುತ್ತಿರಲಿಲ್ಲ. ಫ್ಲಾರೆನ್ಸಿನ ಅಲಿನಾರಿ ಸೋದರರಂಥವರು ತೆಗೆದ ಆ ಚಿತ್ರಗಳಲ್ಲಿ ಕಟ್ಟಡ ನಿಚ್ಚಳವಾಗಿ, ಎದುರಾಎದುರು ನಿಂತಿರುತ್ತಿತ್ತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿಯುಳ್ಳ ಕೊಡ್ಯಾಕ್ ಪೆಟ್ಟಿಗೆಯನ್ನು, 1900ರಲ್ಲಿ ಒಂದು ಡಾಲರಿನ ಬ್ರೌನಿಯನ್ನು ಮಾರುಕಟ್ಟೆಗೆ ತಂದ ಮೇಲೆ ಪ್ರವಾಸಿಯೇ ಛಾಯಾಗ್ರಾಹಕನಾದ. ಆಗ ಮೊದಲ ಬಾರಿಗೆ ಅಜ್ಜಿ, ಮಗು, ಊಟದ ಬುಟ್ಟಿ ಎಲ್ಲವೂ ಚಿತ್ರದೊಳಕ್ಕೆ ಬಂದವು. ಇದನ್ನು ಓದಿದಾಗ ನನ್ನ ತಪ್ಪು ನಿಚ್ಚಳವಾಯಿತು. ನಾನು ಹೊಸ ಕ್ಯಾಮೆರಾ ಹಿಡಿದು ನೂರೈವತ್ತು ವರ್ಷ ಹಿಂದಿನ ಅಂಗಡಿಯ ಚಿತ್ರಗಳನ್ನೇ ಮತ್ತೆ ತೆಗೆದುಕೊಂಡು ಬಂದಿದ್ದೆ. ನಾನು ತೆಗೆದ ಕೊಲೊಸಿಯಂ ಚಿತ್ರಕ್ಕಿಂತ ಉತ್ತಮವಾದದ್ದು ಯಾವ ಪುಸ್ತಕದಲ್ಲಾದರೂ ಸಿಕ್ಕೀತು. ಕೊಲೊಸಿಯಂ ಎದುರು ಬ್ಯಾಗು ಕಾಯುತ್ತ ಕುಳಿತ ನನ್ನ ಮನೆಯವರ ಚಿತ್ರ ಮಾತ್ರ ಬೇರೆಲ್ಲೂ ಸಿಗದು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. 2019ರ ಏಪ್ರಿಲ್ 15ರ ರಾತ್ರಿ ಮಗ ಫೋನು ಮಾಡಿ ಟಿ.ವಿ. ಹಾಕಲು ಹೇಳಿದ. ಪ್ಯಾರಿಸ್ಸಿನ ನೋತ್ರ್ ದಾಮ್ ಹೊತ್ತಿ ಉರಿಯುತ್ತಿತ್ತು. ವಯೊಲೆ ಲ ದ್ಯೂಕ್ ಎಂಬ ವಾಸ್ತುಶಿಲ್ಪಿ 1859ರಲ್ಲಿ ಎತ್ತಿ ನಿಲ್ಲಿಸಿದ್ದ ಸೂಜಿಮೊನೆಯಂಥ ಶಿಖರ ನಮ್ಮ ಕಣ್ಣೆದುರೇ ಮುರಿದು ಒಳಕ್ಕೆ ಬಿತ್ತು. ಹನ್ನೊಂದು ತಿಂಗಳ ಹಿಂದೆಯಷ್ಟೇ ಅದನ್ನು ನೋಡಿ ಬಂದಿದ್ದ ನಾವಿಬ್ಬರೂ ಮಾತಿಲ್ಲದೆ ಕುಳಿತೆವು. ಬೆಳಗಾದ ಮೇಲೆ ಶಿಖರದ ಚಿತ್ರಕ್ಕಾಗಿ ಹುಡುಕಿದೆ. ಮುಂಭಾಗದ ಅವಳಿ ಗೋಪುರಗಳದೇ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಿದ್ದವು. ಹತ್ತಿರದಿಂದ ತೆಗೆದದ್ದರಿಂದ ಶಿಖರ ಯಾವುದರಲ್ಲೂ ಕಾಣಿಸಲಿಲ್ಲ. ಕಡೆಗೆ ಒಂದೇ ಒಂದು ಸಿಕ್ಕಿತು, ಕೆಟ್ಟದೆಂದು ನಾನೇ ಪ್ರದರ್ಶನದಿಂದ ಹೊರಗಿಟ್ಟಿದ್ದದ್ದು. ಸೇನ್ ನದಿಯ ಆಚೆ ದಡದ ಕಲ್ಲುಕಟ್ಟೆಯ ಮೇಲೆ ನನ್ನ ಮನೆಯವರು ಬೂಟು ಬಿಚ್ಚಿ ಕುಳಿತಿದ್ದಾರೆ. ತೊಡೆಯ ಮೇಲೆ ಕೋಡುಬಳೆಯ ಡಬ್ಬಿ, ಗಾಳಿಗೆ ಕೆದರಿದ ಕೂದಲು. ಮೂಲೆಯಲ್ಲಿ ನನ್ನ ಬೆರಳಿನ ನೆರಳು. ಹಿಂದೆ, ತುಸು ವಾಲಿಕೊಂಡು, ಇಡೀ ಶಿಖರ.

ಅದನ್ನು ಸ್ಟುಡಿಯೋಗೆ ಒಯ್ದೆ. ನನ್ನ ವಿದ್ಯಾರ್ಥಿ ಬಹಳ ಹೊತ್ತು ನೋಡಿ, "ಸರ್, ಇದನ್ನು ಅವತ್ತು ಯಾಕೆ ತೋರಿಸಲಿಲ್ಲ? ಪಾಸಾದದ್ದು ಇದೊಂದೇ" ಎಂದ. ಓರೆಯನ್ನು ಸರಿಪಡಿಸಲೇ ಎಂದು ಕೇಳಿದ, ಬೇಡವೆಂದೆ. ದೊಡ್ಡದು ಮಾಡಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. 2024ರ ಡಿಸೆಂಬರಿನಲ್ಲಿ ನೋತ್ರ್ ದಾಮ್ ಮತ್ತೆ ತೆರೆಯಿತು. ಹಳೆಯ ವಿನ್ಯಾಸದಲ್ಲೇ ಓಕ್ ಮರ, ಸೀಸದ ಹಾಳೆಗಳಿಂದ ಶಿಖರವನ್ನು ಹೊಸದಾಗಿ ಕಟ್ಟಿದ್ದಾರೆ. ನಮ್ಮ ಗೋಡೆಯ ಮೇಲಿರುವುದು ಮಾತ್ರ ಹಳೆಯ ಶಿಖರ.

ನಿಮ್ಮಲ್ಲಿ ಅನೇಕರು ಈಗ ದೇಶವಿದೇಶ ಸುತ್ತುತ್ತೀರಿ, ಚಿತ್ರಗಳನ್ನು ನನಗೂ ಕಳುಹಿಸುತ್ತೀರಿ. ಸಂತೋಷ. ಆದರೆ ಜೊತೆಗೆ ಬಂದವರನ್ನು ಪಕ್ಕಕ್ಕೆ ಸರಿಯಲು ಹೇಳಬೇಡಿ. ಅವರು ಅಡ್ಡ ಬರಲಿ. ಅಂಥ ಚಿತ್ರಕ್ಕೆ ಮೇಷ್ಟರು ಕೆಂಪು ಗೀಟು ಎಳೆಯುವುದಿಲ್ಲ.

ಅಂದಹಾಗೆ, ಚಿತ್ರವನ್ನು ಗೋಡೆಗೆ ಹಾಕಿದ ದಿನ ನನ್ನ ಮನೆಯವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. ಶಿಖರದ ಕಡೆ ಅವರ ಗಮನ ಹೋಗಲೇ ಇಲ್ಲ. "ಒಂದು ಮಾತು ಹೇಳಿದ್ದರೆ ತಲೆ ಬಾಚಿಕೊಳ್ತಿದ್ದೆನಲ್ಲ" ಎಂದರು.