ಮಾವಿಲತೋಡಿನ ದಂಡೆಯಲ್ಲಿ: ಪಳಸ್ಸಿ ರಾಜನ ಬೆನ್ನಟ್ಟಿದ ದಂಡಿನ ಚರಿತ್ರೆ

ತಲಚೇರಿಯ ಸಬ್ ಕಲೆಕ್ಟರ್ ಥಾಮಸ್ ಹಾರ್ವೆ ಬೇಬರ್ 1805ರ ಡಿಸೆಂಬರ್ 31ರಂದು ಮೇಲಧಿಕಾರಿಗೆ ಒಂದು ದೀರ್ಘ ಪತ್ರ ಬರೆದ. ಕೋಟಯಂ ಮನೆತನದ ಕೇರಳವರ್ಮ ಪಳಸ್ಸಿ ರಾಜನನ್ನು ಹಿಂದಿನ ತಿಂಗಳು ಕೊಂದದ್ದು ಹೇಗೆಂಬ ವರದಿ ಅದು. 1887ರಲ್ಲಿ ವಿಲಿಯಂ ಲೋಗನ್ ತನ್ನ ‘ಮಲಬಾರ್ ಮ್ಯಾನ್ಯುಅಲ್’ನಲ್ಲಿ ಅದನ್ನು ಸೇರಿಸಿದ ಮೇಲೆ ಪಳಸ್ಸಿಯ ಬಗ್ಗೆ ಬರೆದವರೆಲ್ಲ ಆ ಪತ್ರವನ್ನು ಆಧರಿಸುತ್ತ ಬಂದಿದ್ದಾರೆ. ಹೆಚ್ಚಿನವರ ಕಣ್ಣು ಹೋಗುವುದು ಅರಸನ ಸಾವಿನ ಸಾಲುಗಳ ಮೇಲೆ. ಆದರೆ ಗುಡ್ಡಗಾಡಿನಲ್ಲಿ ದಂಗೆಕೋರರ ಜಾಡು ಹಿಡಿಯಲು ಕಂಪನಿ ಸರ್ಕಾರ ಎಂಟು ವರ್ಷಗಳಲ್ಲಿ ಕಲಿತ ಪಾಠ, ಆ ಪಾಠಕ್ಕೆ ಹೆಗಲು ಕೊಟ್ಟ ಸ್ಥಳೀಯರು, ಇವೆರಡೂ ಅದರಲ್ಲಿ ಅಡಗಿವೆ.

ಇಲ್ಲಿ ಹೇಳುವ ಕೋಟಯಂ ಈಗಿನ ದಕ್ಷಿಣ ಕೇರಳದ ಪಟ್ಟಣವಲ್ಲ. ತಲಚೇರಿಯ ಒಳನಾಡಿನಲ್ಲಿದ್ದ ಸಣ್ಣ ಸಂಸ್ಥಾನ. ಕರಾವಳಿಯಿಂದ ಪೂರ್ವಕ್ಕೆ ಘಟ್ಟ ಹತ್ತಿದರೆ ವಯನಾಡು, ಅದನ್ನು ದಾಟಿದರೆ ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯ ಕಾಡು. ಮೇಲೇರಲು ಇದ್ದವು ಪೆರಿಯ, ಕುಟ್ಟಿಯಾಡಿಯಂಥ ಕೆಲವೇ ಕಡಿದಾದ ಕಣಿವೆದಾರಿಗಳು.

ದಂಡು ಮೊದಲು ಮುಗ್ಗರಿಸಿದ್ದು ಆ ದಾರಿಗಳಲ್ಲೇ. 1797ರ ಮಾರ್ಚ್‌ನಲ್ಲಿ ಮೇಜರ್ ಕ್ಯಾಮರನ್ ಸುಮಾರು 1,100 ಜನರೊಡನೆ ಪೆರಿಯ ಘಟ್ಟ ಇಳಿಯುವಾಗ ಎರಡೂ ಬದಿಯ ಮರೆಯಿಂದ ಗುಂಡು, ಬಾಣಗಳು ಸುರಿದವು. ಕ್ಯಾಮರನ್ ಸತ್ತ, ತುಕಡಿ ಚೆಲ್ಲಾಪಿಲ್ಲಿಯಾಯಿತು. ಸಾಲುಗಟ್ಟಿ ನಡೆಯುವ, ಹೊರೆಯೆತ್ತುಗಳನ್ನು ಹಿಂದಿಟ್ಟುಕೊಂಡು ಸಾಗುವ ಸೇನೆಗೆ ಅಂಥ ಇಕ್ಕಟ್ಟಿನಲ್ಲಿ ತಿರುಗಿ ನಿಲ್ಲಲೂ ಜಾಗವಿರಲಿಲ್ಲ. ಅದೇ ವರ್ಷ ಬೊಂಬಾಯಿಯ ಗವರ್ನರ್ ಜೊನಾಥನ್ ಡಂಕನ್ ರಾಜಿಗೆ ಬಂದು ಅರಸನಿಗೆ ವರ್ಷಕ್ಕೆ 8,000 ರೂಪಾಯಿ ಕೊಡಲು ಒಪ್ಪಿಕೊಂಡ.

1799ರಲ್ಲಿ ಟಿಪ್ಪು ಸುಲ್ತಾನ ಮಡಿದು ಮೈಸೂರು ರಾಜ್ಯದ ಹಂಚಿಕೆಯಾದಾಗ ವಯನಾಡು ಕಂಪನಿಯ ಪಾಲಿಗೆ ಬಂತು. ಅದು ತನ್ನ ನೆಲವೆಂದು ಪಳಸ್ಸಿ ಪಟ್ಟುಹಿಡಿದ. ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಈ ಯುದ್ಧವನ್ನು ಯೋಜಿಸುವಾಗ ದಾರಿ ಕಡಿಯುವುದಕ್ಕೆ, ಠಾಣ್ಯ ಹೂಡುವುದಕ್ಕೆ, ಮಲಬಾರ್ ಮತ್ತು ಮೈಸೂರು ಎರಡೂ ಕಡೆಯಿಂದ ಏಕಕಾಲಕ್ಕೆ ಮುತ್ತುವುದಕ್ಕೆ ಒತ್ತುಕೊಟ್ಟ. 1801ರ ಜನವರಿಯಲ್ಲಿ ಕರ್ನಲ್ ಸ್ಟೀವನ್‌ಸನ್ ಮೈಸೂರಿನ ಕಡೆಯಿಂದ ವಯನಾಡು ಹೊಕ್ಕ. ಮೇ ತಿಂಗಳ ಹೊತ್ತಿಗೆ ಘಟ್ಟದ ಮೇಲೂ ಕೆಳಗೂ ಆಯಕಟ್ಟಿನ ಸ್ಥಳಗಳೆಲ್ಲ ಕಂಪನಿಯ ಕೈಸೇರಿದವು. ಅರಸ ಕಾಡುಪಾಲಾದ.

ಆದರೆ ಠಾಣ್ಯ ಹೂಡಿದ ಮಾತ್ರಕ್ಕೆ ನಾಡು ವಶವಾಗಲಿಲ್ಲ. ವಯನಾಡಿನ ಕುರಿಚ್ಯ ಬುಡಕಟ್ಟಿನವನೊಬ್ಬನನ್ನು ಭತ್ತ ಕೊಡೆಂದು ಪೀಡಿಸಿದ ಕಚೇರಿಯ ಪೇದೆಯನ್ನು ಅರಸನ ಕಡೆಯ ಎಡಚ್ಚೇನ ಕುಂಞನ್ ಕೊಂದುಹಾಕಿದ. ಬಳಿಕ 1802ರ ಅಕ್ಟೋಬರ್ 11ರಂದು ಅವನೂ, ತಲಕ್ಕಲ್ ಚಂದುವಿನ ಕೈಕೆಳಗಿನ ಸುಮಾರು 150 ಕುರಿಚ್ಯ ಬಿಲ್ಲಾಳುಗಳೂ ಸೇರಿ ಪನಮರಂ ಠಾಣ್ಯದ ಮೇಲೆ ಬಿದ್ದರು. ಕ್ಯಾಪ್ಟನ್ ಡಿಕನ್‌ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಸೇರಿ ಸುಮಾರು 70 ಮಂದಿ ಸತ್ತರು. 112 ಬಂದೂಕು, 6,000 ರೂಪಾಯಿ ದಂಗೆಕೋರರ ಕೈಸೇರಿದವು. ಕೆಲವೇ ಮೈಲಿ ದೂರದ ಪುಳಿಂಜಾಲಿನಲ್ಲಿ ಕಂಪನಿಯ 360 ಸಿಪಾಯಿಗಳಿದ್ದರೂ ಯಾರೂ ನೆರವಿಗೆ ಬರಲಿಲ್ಲ. ಈ ಭತ್ತದ ಪ್ರಸಂಗವನ್ನು ಇತಿಹಾಸಕಾರರು ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ಅರಸನ ಹಕ್ಕಿನ ಹೋರಾಟಕ್ಕೆ ಕಾಡಿನ ಜನ ಬಿಲ್ಲು ಹಿಡಿದು ನಿಂತದ್ದರಲ್ಲಿ ಕಣಜಕ್ಕೆ ಕೈಹಾಕಿದ ಕಚೇರಿಯ ಪಾಲು ಸಣ್ಣದಲ್ಲ.

ಪನಮರಂ ನಂತರ ಕಂಪನಿ ಹಾದಿ ಬದಲಿಸಿತು. ಕ್ಯಾಪ್ಟನ್ ವಾಟ್ಸನ್ ಕಟ್ಟಿದ 1,200 ಕೋಲ್ಕಾರರ ಪಡೆಯನ್ನು ಕಾಡಿಗೆ ಬಿಟ್ಟಿತು. ಆ ನಾಡಿನ ಮಾತು ಬಲ್ಲ, ಹಗುರವಾಗಿ ನಡೆಯಬಲ್ಲ ಜನ ಅವರು. 1804ರಲ್ಲಿ ಬಂದ ಬೇಬರ್ ಇದಕ್ಕೆ ಇನ್ನೆರಡು ಸೇರಿಸಿದ: ದಂಗೆಕೋರರಿಗೆ ದವಸ ತಲುಪದಂತೆ ತಡೆಯುವುದು ಮತ್ತು ಹಳ್ಳಿಗರನ್ನು ಭಯದಿಂದಲೋ ಭರವಸೆಯಿಂದಲೋ ಸುದ್ದಿಗಾರರನ್ನಾಗಿ ಮಾಡುವುದು. ಅರಸನ ತಲೆಗೆ, ಮುಖಂಡರ ತಲೆಗೆ ಬಹುಮಾನ ಸಾರಲಾಯಿತು.

ಕಾಡು ಕೋಲ್ಕಾರರಿಗೂ ರಿಯಾಯಿತಿ ತೋರಲಿಲ್ಲ. 1805ರ ಮಳೆಗಾಲ ಕಳೆಯುವಷ್ಟರಲ್ಲಿ ಅವರಲ್ಲಿ ಬಹುಪಾಲು ಜನ ವಯನಾಡಿನ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಅಷ್ಟಾದರೂ ಬಲೆ ಬಿಗಿಯಾಗುತ್ತಿತ್ತು. ನವೆಂಬರ್‌ನಲ್ಲಿ ತಲಕ್ಕಲ್ ಚಂದು ಸಿಕ್ಕಿಬಿದ್ದ. ಬೇಬರ್ ತನ್ನ ಕಚೇರಿಯ ಕಣಾರ ಮೇನೋನನನ್ನು ಪುಲ್ಪಳ್ಳಿಗೆ ಕಳಿಸಿ ಸುದ್ದಿ ಕಲೆಹಾಕಿಸಿದ. ಅರಸ ಕಂಗಾರ ಹೊಳೆಯಾಚೆ, ಮೈಸೂರು ಸೀಮೆಯೊಳಗೆ ಸ್ವಲ್ಪ ದೂರದಲ್ಲಿದ್ದಾನೆ ಎಂಬ ಖಚಿತ ಮಾಹಿತಿ ಕೊನೆಗೆ ಸಿಕ್ಕಿತು. 1799ರಲ್ಲಿ ಎಳೆದ ಗಡಿ ಅವನ ಕೊನೆಯ ಆಸರೆಯಾಗಿತ್ತು.

50 ಸಿಪಾಯಿಗಳು, 100 ಕೋಲ್ಕಾರರು. ಯಾರಿಗೂ ಸುಳಿವು ಸಿಗದಂತೆ ರಾತ್ರಿಯಿಡೀ ನಡೆದು ನವೆಂಬರ್ 30ರ ಬೆಳಗ್ಗೆ ಹೊಳೆಯ ದಂಡೆ ಮುಟ್ಟಿ, ಎರಡು ಗುಂಪಾದರು. ಹೊಳೆಯಿಂದ ಮೂಡಲಿಗೆ ಒಂದೂವರೆ ಮೈಲಿ ಸಾಗಿದಾಗ ಎಡಕ್ಕೆ ಮಾವಿಲತೋಡು ಎಂಬ ಹಳ್ಳದ ಬಳಿ ಹತ್ತು ಮಂದಿ ನಿಶ್ಚಿಂತರಾಗಿ ಇರುವುದು ಕಂಡಿತು. ಬೇಬರ್ ಮತ್ತು ಕ್ಯಾಪ್ಟನ್ ಕ್ಲಾಫಮ್ ಜೊತೆ ಆಗ ಇದ್ದವರು ಮೂವತ್ತು ಜನರಷ್ಟೆ. ಹಿಂದಿನವರಿಗಾಗಿ ಕಾದರೆ ಬೇಟೆ ತಪ್ಪೀತೆಂದು ಮುಂಚೂಣಿಯ ಹದಿನೈದು ಮಂದಿಯನ್ನು ನುಗ್ಗಿಸಿದರು. ಕಾದಾಟ ಬೇಗ ಮುಗಿಯಿತು.

ಓಡುತ್ತಿದ್ದ ಅರಸನನ್ನು ಅಡ್ಡಗಟ್ಟಿದವನು ಕಣಾರ ಮೇನೋನ್. ಅರಸ ಅವನ ಎದೆಗೆ ಬಂದೂಕಿಟ್ಟ. ಸಾಯುವ ಗಳಿಗೆಯಲ್ಲೂ ಹತ್ತಿರ ಬಂದು ಮೈಲಿಗೆ ಮಾಡಬೇಡವೆಂದು ಗದರಿದ. ಅರಸನನ್ನು ಬಿಡದೆ ಉಳಿದಿದ್ದ ಅರಲಾಟ್ ಕುಟ್ಟಿ ನಂಬಿಯಾರ್ ಕೊನೆತನಕ ಕಾದಾಡಿ ಸತ್ತ. ಅವನನ್ನು ಕೆಡವಿದವನು ವಯನಾಡಿನ ಒಬ್ಬ ಪಾರುಪತ್ಯಗಾರ. ಬೇಬರ್ ಅವನ ಹೆಸರನ್ನು ಕಾಣಿಸುವುದಿಲ್ಲ. ಕ್ಯಾಪ್ಟನ್ನರ ಹೆಸರುಗಳಿವೆ, ಮುಂಚೂಣಿಯ ಹದಿನೈದು ಜನ ಬರೀ ಸಂಖ್ಯೆ. ಈ ಪತ್ರದ ಅತಿ ದೊಡ್ಡ ಮೌನ ಇದೇ. ಕತ್ತಲಲ್ಲಿ ಕಾಡುದಾರಿ ಹಿಡಿದು ದಂಡನ್ನು ಮುನ್ನಡೆಸಿದವರು ದಾಖಲೆಯ ಹೊರಗೆ ಉಳಿದಿದ್ದಾರೆ.

ಅರಸ ವಜ್ರ ನುಂಗಿ ಪ್ರಾಣ ಬಿಟ್ಟನೆಂದು ಜನ ಹೇಳುತ್ತ ಬಂದಿದ್ದಾರೆ. ಪತ್ರ ಹೇಳುವುದು ಮೊದಲು ಬಿದ್ದವರಲ್ಲಿ ಅವನೊಬ್ಬನೆಂದು. ಗೆದ್ದವನ ವರದಿಯನ್ನು ಪೂರ್ತಿ ನಂಬಲಾಗದು, ನಿಜ. ಆದರೂ ಅದರ ಚಿಕ್ಕಪುಟ್ಟ ವಿವರಗಳು ಬಹಳ ಹೇಳುತ್ತವೆ. ಸಿಕ್ಕ ಆಸ್ತಿಯೆಂದರೆ ಒಂದು ಚಿನ್ನದ ಕಠಾರಿ, ಒಂದು ಉಡಿದಾರ. ಹಿಂದಿನ ಹತ್ತು ದಿನ ವಿಪರೀತ ಕಷ್ಟದಲ್ಲಿ ಕಳೆದವೆಂದು ಅರಸನ ಜೊತೆಗಿದ್ದ ರಾಣಿ ಹೇಳಿದಳು. ಕಾಯಿಲೆಯಿಂದ ಅವಳು ಸೊರಗಿದ್ದಳು. ಗುಂಡು ಹಾರುವ ಮೊದಲೇ ಹಸಿವು ಆ ಗುಂಪನ್ನು ಸೋಲಿಸಿತ್ತು. ಅರಸನ ದೇಹವನ್ನು ಬೇಬರನ ಪಲ್ಲಕ್ಕಿಯಲ್ಲೂ ರಾಣಿಯನ್ನು ಕ್ಲಾಫಮ್‌ನ ಪಲ್ಲಕ್ಕಿಯಲ್ಲೂ ಹೊತ್ತು ದಂಡು ಸಂಜೆಗೆ ಪುಲ್ಪಳ್ಳಿಗೆ ಮರಳಿತು. ಮರುದಿನ ದೇಹವನ್ನು ಶಿರಸ್ತೇದಾರನೊಡನೆ ಮಾನಂದವಾಡಿಗೆ ಕಳಿಸಿ, ಬ್ರಾಹ್ಮಣರನ್ನು ಸೇರಿಸಿ ಮರ್ಯಾದೆಯಿಂದ ಉತ್ತರಕ್ರಿಯೆ ಮಾಡಿಸಲಾಯಿತು. ಇವನು ನಾಡಿನ ಸಹಜ ಒಡೆಯರಲ್ಲೊಬ್ಬನೆಂದು ಬೇಬರ್ ಒಪ್ಪಿಕೊಂಡಿದ್ದ.

ಅರಸನ ಸಾವಿನಿಂದ ಕಚೇರಿಯ ರೀತಿಯೇನೂ ಬದಲಾಗಲಿಲ್ಲ. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂಬ ಒತ್ತಾಯ ಮುಂದುವರಿಯಿತು. 1812ರಲ್ಲಿ ಕುರಿಚ್ಯರು, ಕುರುಮರು ಯಾವ ಅರಸನ ಆಣತಿಗೂ ಕಾಯದೆ ತಾವಾಗಿಯೇ ಎದ್ದು ವಯನಾಡಿನ ಠಾಣ್ಯಗಳನ್ನು ಮುತ್ತಿದರು. ಕರಾವಳಿಯಿಂದಲೂ ಮೈಸೂರಿನಿಂದಲೂ ಕಂಪನಿಯ ದಂಡುಗಳು ಮತ್ತೆ ಅದೇ ಕಾಡನ್ನು ಹೊಗಬೇಕಾಯಿತು.