ಮೊಟ್ಟೆಯನ್ನಲ್ಲ, ತಾಯಿಯನ್ನು ನೋಡಿ: ಗಂಟು ರೋಗದ ಕಥೆ

ಪುಣೆಯಲ್ಲಿ ಕೋಡ್ ಬರೆಯೋ ನಾನು ಬೆಳೆದದ್ದು ಶಿಡ್ಲಘಟ್ಟದ ಹತ್ತಿರ, ರೇಷ್ಮೆ ಹುಳ ಸಾಕೋ ಮನೇಲಿ. ಒಂದು ವರ್ಷ ತಾತ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಎಲ್ಲಿಂದಲೋ ಮೊಟ್ಟೆ ತಂದರು. ಹುಳಗಳು ಒಂದೇ ಸಮ ಬೆಳೆಯಲಿಲ್ಲ, ಮೈಮೇಲೆ ಕರಿ ಚುಕ್ಕೆ ಬಂತು. ಇಡೀ ಬೆಳೆಯನ್ನ ಗುಂಡಿ ತೋಡಿ ಹೂತರು. ಅದು ಗಂಟು ರೋಗ, ಅಂದ್ರೆ ಪೆಬ್ರಿನ್.

ಇದಕ್ಕೆ ಕಾರಣ ನೊಸೀಮಾ ಬಾಂಬಿಸಿಸ್ ಅನ್ನೋ ಏಕಕೋಶ ಪರಾವಲಂಬಿ. 1857ರಲ್ಲಿ ವಿಜ್ಞಾನಿ ನೇಗೆಲಿ ಕೊಟ್ಟ ಹೆಸರು ಅದು. ಬಹುಕಾಲ ಪ್ರೊಟೊಜೋವಾ ಗುಂಪಿನಲ್ಲಿದ್ದ ಇದನ್ನ ಈಗ ಶಿಲೀಂಧ್ರಗಳ ಸಂಬಂಧಿ ಅಂತಾರೆ. ಸೊಪ್ಪಿನ ಜೊತೆ ಹುಳದ ಹೊಟ್ಟೆ ಸೇರುತ್ತೆ. ಅದಕ್ಕಿಂತ ಅಪಾಯ ಏನಂದ್ರೆ, ತಾಯಿ ಪತಂಗದಿಂದ ಮೊಟ್ಟೆಯೊಳಕ್ಕೇ ದಾಟುತ್ತೆ.

1853ರಲ್ಲಿ ಫ್ರಾನ್ಸ್ ಸುಮಾರು 2.6 ಕೋಟಿ ಕಿಲೋ ಗೂಡು ಬೆಳೆದಿತ್ತು. 1865ಕ್ಕೆ ಅದು 40 ಲಕ್ಷ ಕಿಲೋಗೆ ಕುಸಿಯಿತು. ರೈತರು ಜಪಾನಿನಿಂದ ಮೊಟ್ಟೆ ತರಿಸೋ ಸ್ಥಿತಿ ಬಂತು. ಆಗ ಗುರು ಡ್ಯೂಮಾ ಮಾತಿಗೆ ಕಟ್ಟುಬಿದ್ದು ಲೂಯಿ ಪ್ಯಾಶ್ಚರ್ ದಕ್ಷಿಣದ ಅಲೆಸ್ ಊರಿಗೆ ಹೋದರು. ಅವರಿಗೆ ರೇಷ್ಮೆ ಹುಳದ ಗಂಧಗಾಳಿಯೂ ಇರಲಿಲ್ಲ! ಗೂಡಿನೊಳಗೆ ಕೋಶ ಇರುತ್ತೆ ಅನ್ನೋದೇ ಅವರಿಗೆ ಹೊಸದಾಗಿತ್ತು ಅಂತ ಕೀಟತಜ್ಞ ಫಾಬ್ರ್ ಬರೆದಿದ್ದಾರೆ.

ಶುರುವಿನಲ್ಲಿ ಪ್ಯಾಶ್ಚರ್ ಎಡವಿದರು. ಸೂಕ್ಷ್ಮದರ್ಶಕದಲ್ಲಿ ಕಾಣೋ ಕಣಗಳು ರೋಗದ ಲಕ್ಷಣ ಅಷ್ಟೇ, ಜೀವಿಗಳಲ್ಲ ಅಂದುಕೊಂಡರು. ಜೊತೆಗೆ ಸಪ್ಪೆ ರೋಗವೂ ಬೆರೆತು ಗೊಂದಲ ಮಾಡಿತು. ಅದೇ ವರ್ಷಗಳಲ್ಲಿ ತಂದೆ ಮತ್ತು ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಅವರಿಗೇ ಪಾರ್ಶ್ವವಾಯು ಬಡಿಯಿತು. ಆದರೂ ಕೆಲಸ ಬಿಡಲಿಲ್ಲ. 1870ರಲ್ಲಿ ಪುಸ್ತಕ ಬಂತು.

ಅವರು ಔಷಧಿ ಕೊಡಲಿಲ್ಲ, ಒಂದು ಕ್ರಮ ಕೊಟ್ಟರು. ಮೊಟ್ಟೆ ಅಥವಾ ಹುಳದಲ್ಲಿ ಸೋಂಕು ಕಣ್ಣಿಗೆ ಬೀಳದೇ ಇರಬಹುದು. ಪತಂಗದಲ್ಲಿ ಅದು ಚೆನ್ನಾಗಿ ಕಾಣುತ್ತೆ. ಹಾಗಾಗಿ ಪ್ರತಿ ತಾಯಿಯ ಮೊಟ್ಟೆ ಬೇರೆಬೇರೆ ಇಡಿ. ಆಮೇಲೆ ತಾಯಿಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಣ ಕಂಡರೆ ಅವಳ ಮೊಟ್ಟೆ ಅಷ್ಟೂ ಸುಟ್ಟುಬಿಡಿ. ನಮ್ಮ ಭಾಷೇಲಿ ಹೇಳೋದಾದ್ರೆ, ರಿಲೀಸ್ ಆದ ಮೇಲೆ ಒದ್ದಾಡೋದಲ್ಲ, ಮೂಲದಲ್ಲೇ ತಡೆಯೋದು.

ಕರ್ನಾಟಕದ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಇವತ್ತಿಗೂ ತಾಯಿ ಪತಂಗದ ಪರೀಕ್ಷೆ ನಡೆಯುತ್ತೆ. ರೈತರು ಕೇಳಿ ಪಡೆಯೋ ‘ರೋಗರಹಿತ ಮೊಟ್ಟೆ’ ಅಂದ್ರೆ ಅದೇ. ಆ ವರ್ಷದ ನಂತರ ತಾತ ಬೆಲೆ ಕೇಳೋ ಮೊದಲು ಕೇಳ್ತಿದ್ದದ್ದು ಒಂದೇ ಮಾತು: ‘ತಾಯಿ ನೋಡಿದ್ದೀರಾ?’