ಒಂದೇ ಚಿನ್ನಕ್ಕೆ ಎರಡು ಬೆಲೆ

ಕೋಲಾರದ ಚಿನ್ನದ ಗಣಿ ನಷ್ಟದಿಂದ ಮುಚ್ಚಿತು ಎಂಬ ಮಾತು ಬಂಗಾರಪೇಟೆ ಸೀಮೆಯಲ್ಲಿ ಯಾರೂ ಪ್ರಶ್ನಿಸದಷ್ಟು ಗಟ್ಟಿಯಾಗಿ ನೆಲೆಯೂರಿದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಲ್ಲಿಸುವ ಹೊತ್ತಿಗೆ ಒಂದು ಗ್ರಾಂ ಚಿನ್ನ ತೆಗೆಯುವ ಖರ್ಚು ಆ ಗ್ರಾಮಿನ ಬೆಲೆಯನ್ನು ಎಂದೋ ಮೀರಿತ್ತು. ಆ ಅಂಕಿ ಸುಳ್ಳಲ್ಲ. ಆದರೆ ನಷ್ಟ ಎಂಬುದು ಎರಡು ಅಂಕಿಗಳ ನಡುವಿನ ಅಂತರ. ಆ ಎರಡನ್ನೂ ಒಂದೇ ಮಾರುಕಟ್ಟೆಯ ಬೆಲೆಯಲ್ಲಿ ಲೆಕ್ಕ ಹಾಕಿದ್ದಾರೆಯೇ ಎಂದು ಮೊದಲು ಕೇಳಬೇಕು. ಗಣಿಯ ಹಣೆಬರಹ ನಿರ್ಧಾರವಾದ 1960ರ ದಶಕದಲ್ಲಿ ಖರ್ಚನ್ನು ನಮ್ಮ ಸಂತೆಯ ಬೆಲೆಯಲ್ಲೂ ಹುಟ್ಟುವಳಿಯನ್ನು ವಾಷಿಂಗ್ಟನ್ನಿನಲ್ಲಿ ಕಟ್ಟಿದ ಬೆಲೆಯಲ್ಲೂ ಬರೆದರು. ಹಾಗೆ ಬೆರೆಸಿದ ಲೆಕ್ಕದಿಂದ ಎಳೆದ ಗ್ರಾಫನ್ನೇ ಇಂದಿಗೂ ಸಾಕ್ಷಿಯಾಗಿ ಹಿಡಿಯುತ್ತಿದ್ದೇವೆ. ಆ ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡಲೇಬೇಕು ಎಂಬುದು ನನ್ನ ವಾದ.

ಬೆಲೆ ಹೋಲಿಸುವ ಕಷ್ಟ ಈ ನೆಲಕ್ಕೆ ಹೊಸದಲ್ಲ. ಗಣಿಗೆ ಹತ್ತಿರದ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ತಂದೆ ಫತೇ ಮಹಮ್ಮದ್ ಸಿರಾ ನವಾಬನ ಕೈಕೆಳಗೆ ಅಲ್ಲಿ ಅಧಿಕಾರದಲ್ಲಿದ್ದ. ಆ ಕಾಲದ ಲೆಕ್ಕವೆಲ್ಲ ವರಹ ಮತ್ತು ಹಣಗಳಲ್ಲಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಶಿವಪಾರ್ವತಿಯರ ಮುದ್ರೆಯಿರುವ ವರಹವನ್ನೇ ಮುಂದುವರಿಸಿದ, ಏಕೆಂದರೆ ಜನ ನಂಬಿ ಕೈಗೆ ತೆಗೆದುಕೊಳ್ಳುತ್ತಿದ್ದ ನಾಣ್ಯ ಅದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಸೇರು ಕೊಳಗ ಖಂಡುಗಗಳು ಊರಿಂದೂರಿಗೆ ಬೇರೆಯಾಗುವುದನ್ನು ತಾಳ್ಮೆಯಿಂದ ಬರೆದಿಟ್ಟ. ಅವನ ಪುಟಗಳಲ್ಲಿರುವ ಧಾನ್ಯದ ಬೆಲೆಯನ್ನು ಇಂದಿನ ರೂಪಾಯಿಗೆ ತರಬೇಕಾದರೆ ಯಾವ ಕೊಳಗ, ಯಾವ ವರಹ ಎಂದು ಮೊದಲು ಕೇಳಬೇಕು. ಅಂದಿನ ಶಾನುಭೋಗ ಈ ಪ್ರಶ್ನೆ ಕೇಳದೆ ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಕಡತಗಳಲ್ಲಿ ಅದೇ ಪ್ರಶ್ನೆ ತಪ್ಪಿಹೋಯಿತು.

ಬ್ರಿಟಿಷರ ಕಾಲದ ಲೆಕ್ಕವನ್ನು ಮೊದಲು ನೋಡೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಒಂದೊಂದಾಗಿ ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1905ರಲ್ಲಿ ಉತ್ಪಾದನೆ ಆರು ಲಕ್ಷ ಔನ್ಸ್ ದಾಟಿ ಶಿಖರ ಮುಟ್ಟಿತು. ಗಣಿಯ ಚರಿತ್ರೆಯ ಯಾವ ಗ್ರಾಫಿನಲ್ಲಿ ನೋಡಿದರೂ ಆ ವರ್ಷವೇ ವೈಭವದ ತುದಿ. ಆದರೆ ಅದು ಯಾರ ವೈಭವ? ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಚಿನ್ನ ಹೊರಬಂದದ್ದು ಮೈಸೂರಿನ ಮಣ್ಣಿನಿಂದಾದ್ದರಿಂದ ಅದು ಇಲ್ಲಿಯ ದೇಶೀಯ ಉತ್ಪನ್ನ. ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋದದ್ದರಿಂದ ಅಷ್ಟರಮಟ್ಟಿಗೆ ಅದು ಇಲ್ಲಿಯ ರಾಷ್ಟ್ರೀಯ ವರಮಾನವಲ್ಲ. ಮೈಸೂರು ಸರ್ಕಾರಕ್ಕೆ ಸಿಗುತ್ತಿದ್ದ ರಾಜಧನ ಚಿನ್ನದ ಮೌಲ್ಯದ ಶೇಕಡಾ 5ರಷ್ಟು. ಕೂಲಿ, ಸೌದೆ, ಸಾಮಾನುಗಳ ರೂಪದಲ್ಲಿ ಇಲ್ಲೇ ಉಳಿದದ್ದು ಇನ್ನೊಂದು ಪಾಲು. ದಾದಾಭಾಯಿ ನವರೋಜಿ ಇಡೀ ದೇಶಕ್ಕೆ ಹಾಕಿದ ಸಂಪತ್ತಿನ ಸೋರಿಕೆಯ ಲೆಕ್ಕಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಔನ್ಸುಗಳ ಗ್ರಾಫ್ ಏರುವುದನ್ನು ತೋರಿಸಿ ಮೈಸೂರು ಶ್ರೀಮಂತವಾಯಿತು ಎನ್ನುವವರು ಅದರ ಪಕ್ಕದಲ್ಲೇ ರಾಜಧನ ಮತ್ತು ಕೂಲಿಯ ಗೆರೆಗಳನ್ನೂ ಎಳೆದು ತೋರಿಸಬೇಕು.

ಚಿನ್ನದ ಗಣಿಗೆ ಬೇರೆ ಯಾವ ಉದ್ಯಮಕ್ಕೂ ಇಲ್ಲದ ಒಂದು ವಿಚಿತ್ರ ಸ್ವಭಾವವಿದೆ. ಚಿನ್ನವೇ ನಾಣ್ಯದ ಆಧಾರವಾಗಿದ್ದ ಕಾಲದಲ್ಲಿ ಅದರ ಬೆಲೆ ಕಾನೂನಿನಿಂದ ಸ್ಥಿರ: ಲಂಡನ್ನಿನಲ್ಲಿ ಒಂದು ಔನ್ಸ್ ಶುದ್ಧ ಚಿನ್ನಕ್ಕೆ 4 ಪೌಂಡ್ 4 ಷಿಲಿಂಗ್ 11½ ಪೆನ್ಸ್. ಆದ್ದರಿಂದ ಉಳಿದೆಲ್ಲ ಬೆಲೆ ಏರಿದಾಗ ಗಣಿ ಸೊರಗುತ್ತದೆ, ಉಳಿದೆಲ್ಲ ಇಳಿದಾಗ ಕೊಬ್ಬುತ್ತದೆ. 1930ರ ದಶಕ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. 1914ರ ಜುಲೈಯನ್ನು 100 ಎಂದಿಟ್ಟುಕೊಂಡ ಕಲ್ಕತ್ತೆಯ ಸಗಟು ಬೆಲೆ ಸೂಚ್ಯಂಕ 1929ರಲ್ಲಿ 141 ಇದ್ದದ್ದು 1933ರಲ್ಲಿ 87ಕ್ಕೆ ಕುಸಿಯಿತು. ಅದೇ ಹೊತ್ತಿನಲ್ಲಿ, 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ನಂಟು ಕಡಿದುಕೊಂಡ ಮೇಲೆ, ತೊಲಕ್ಕೆ 21 ರೂಪಾಯಿಯ ಆಸುಪಾಸಿನಲ್ಲಿದ್ದ ಚಿನ್ನ ಕೆಲವೇ ವರ್ಷಗಳಲ್ಲಿ 35ರ ಹತ್ತಿರ ಬಂತು. ಗಣಿಯ ಉತ್ಪಾದನೆ ಆಗ 1905ರ ಅರ್ಧದ ಸಮೀಪಕ್ಕೆ ಇಳಿದಿತ್ತು. ಆದರೂ ಕಂಪನಿಗಳಿಗೆ ಅದು ಒಳ್ಳೆಯ ಕಾಲ. ಬೂದಿಕೋಟೆಯಂಥ ಹಳ್ಳಿಯ ರಾಗಿ ಬೆಳೆಗಾರನಿಗೆ ಅದು ಕೆಟ್ಟ ಕಾಲ. ದೇಶದಾದ್ಯಂತ ರೈತರು ಕಂದಾಯಕ್ಕೂ ಸಾಲಕ್ಕೂ ಒಡವೆ ಮಾರಿಕೊಂಡು, ಆ ಚಿನ್ನ ಮುಂಬಯಿಯಿಂದ ಹಡಗು ಹತ್ತಿದ ವರ್ಷಗಳೂ ಅವೇ. ಹತ್ತಾರು ಮೈಲಿಗಳೊಳಗೆ ಒಬ್ಬನ ಗೆರೆ ಏರುತ್ತ ಇನ್ನೊಬ್ಬನದು ಇಳಿಯುತ್ತ ಹೋಯಿತು. ತೂಕದ ಗ್ರಾಫಿನಲ್ಲಾಗಲಿ ರೂಪಾಯಿಯ ಗ್ರಾಫಿನಲ್ಲಾಗಲಿ ಒಂಟಿಯಾಗಿ ಇದು ಕಾಣುವುದಿಲ್ಲ. ಚಿನ್ನದ ಬೆಲೆಯನ್ನು ಧಾನ್ಯದ ಬೆಲೆಯಿಂದ ಭಾಗಿಸಿದಾಗ ಮಾತ್ರ ಕಾಣುತ್ತದೆ.

ಸ್ವಾತಂತ್ರ್ಯ ಬಂದ ಮೇಲಿನ ಕಥೆ ಇದಕ್ಕಿಂತ ನೋವಿನದು. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರ ಡಿಸೆಂಬರಿನಲ್ಲಿ ಅವು ಕೇಂದ್ರ ಹಣಕಾಸು ಸಚಿವಾಲಯದ ಕೈಸೇರಿದವು. ಹೊರಬಂದ ಚಿನ್ನ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿದ್ದುದು ಅಂತರರಾಷ್ಟ್ರೀಯ ಹಣಕಾಸು ನಿಧಿ ಒಪ್ಪಿದ ದರದಲ್ಲಿ, ಅಂದರೆ ಔನ್ಸಿಗೆ 35 ಡಾಲರ್. ರೂಪಾಯಿಯಲ್ಲಿ 10 ಗ್ರಾಮಿಗೆ 53 ರೂಪಾಯಿ 58 ಪೈಸೆ. 1966ರ ಅಪಮೌಲ್ಯದ ನಂತರ 84 ರೂಪಾಯಿ 39 ಪೈಸೆ. ಮುಂಬಯಿ ಪೇಟೆಯಲ್ಲಿ ಅಷ್ಟೇ ಚಿನ್ನಕ್ಕೆ 1960ರಲ್ಲಿ ಸುಮಾರು 112 ರೂಪಾಯಿ, 1970–71ರಲ್ಲಿ ಸುಮಾರು 185 ರೂಪಾಯಿ ಇತ್ತು. ಅಂದರೆ ಒಂದು ಕಿಲೋ ಚಿನ್ನಕ್ಕೆ ಗಣಿಯ ಪುಸ್ತಕದಲ್ಲಿ 8,439 ರೂಪಾಯಿ ಜಮೆಯಾದರೆ, ಅದನ್ನು ಪೇಟೆಯಲ್ಲಿ ಕೊಳ್ಳುವವನು ಸುಮಾರು 18,500 ಕೊಡಬೇಕಾಗಿತ್ತು. ಇನ್ನು ಖರ್ಚಿನ ಬದಿ ನೋಡಿ. ಕಾರ್ಮಿಕ ವರ್ಗದ ಗ್ರಾಹಕ ಬೆಲೆ ಸೂಚ್ಯಂಕಕ್ಕೆ 1960ನ್ನು ಆಧಾರವರ್ಷ ಮಾಡಿದಾಗ ಬೆಲೆ ಸಂಗ್ರಹಿಸುವ ಕೇಂದ್ರಗಳಲ್ಲಿ ಬೆಂಗಳೂರಿನ ಜೊತೆ ಕೋಲಾರ ಚಿನ್ನದ ಗಣಿಯೂ ಇತ್ತು. ಚಾಂಪಿಯನ್ ರೀಫಿನ ಕಾರ್ಮಿಕನ ಮನೆಗೆ ಬರುವ ಅಕ್ಕಿ, ಎಣ್ಣೆ, ಸೀಮೆಎಣ್ಣೆಯ ಬೆಲೆ ಹೀಗೆ ದೇಶದ ಅಂಕಿಯೊಳಗೆ ಸೇರುತ್ತಿತ್ತು. ಆ ಅಖಿಲ ಭಾರತ ಸೂಚ್ಯಂಕ 1970–71ಕ್ಕೆ 186 ಮುಟ್ಟಿತು. ಬೆಲೆ ಏರಿದಂತೆ ಕೂಲಿಯೂ ಏರಬೇಕಾದದ್ದು ನ್ಯಾಯ. ಹೀಗೆ ಒಂದೇ ಊರಿನಲ್ಲಿ ಊಟದ ಬೆಲೆ ಸಂತೆಯದಾಯಿತು, ದುಡಿಮೆಯ ಬೆಲೆ ವಾಷಿಂಗ್ಟನ್ನಿನದಾಯಿತು.

ಈ ಅಂಕಿಗಳನ್ನು ಗ್ರಾಫಿಗೆ ಇಳಿಸುವ ರೀತಿಯಲ್ಲೂ ಒಂದು ಅಪಾಯವಿದೆ. 1960ನ್ನು 100 ಎಂದಿಟ್ಟು ಸರ್ಕಾರಿ ದರದ ಗೆರೆ ಎಳೆದರೆ ಅದು 1970–71ಕ್ಕೆ 157ಕ್ಕೆ ಬರುತ್ತದೆ. ಪೇಟೆಯ ದರದ ಗೆರೆ 165ಕ್ಕೆ. ಎರಡೂ ಒಂದೇ ಬಿಂದುವಿನಿಂದ ಹೊರಟು ಹತ್ತಿರ ಹತ್ತಿರವೇ ಸಾಗುತ್ತವೆ, ನೋಡಿದವನಿಗೆ ದೊಡ್ಡ ಅನ್ಯಾಯವೇನೂ ಕಾಣುವುದಿಲ್ಲ. ಒಂದು ಬೆಲೆ ಇನ್ನೊಂದರ ಅರ್ಧದಷ್ಟೇ ಎಂಬ ಮುಖ್ಯ ಸಂಗತಿಯನ್ನು ಆಧಾರವರ್ಷದ ಆ 100 ನುಂಗಿಹಾಕುತ್ತದೆ. ಸೂಚ್ಯಂಕ ಬದಲಾವಣೆಯನ್ನು ತೋರಿಸುತ್ತದೆ, ಮಟ್ಟವನ್ನು ತೋರಿಸುವುದಿಲ್ಲ. 1949ರ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಮಹಲನೋಬಿಸ್, ಗಾಡ್ಗೀಳ್ ಅವರೊಡನೆ ಕೂತು, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ವಿ. ಕೆ. ಆರ್. ವಿ. ರಾವ್ ಅವರ ತಲೆಮಾರು ನಮಗೆ ಕಲಿಸಿದ್ದೇ ಯಾವ ಬೆಲೆಯಲ್ಲಿ ಅಳೆದಿರಿ ಎಂದು ಕೇಳುವುದನ್ನು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಆರಂಭದಲ್ಲಿ ಟನ್ ಅದಿರಿಗೆ 47 ಗ್ರಾಂ ಸಿಗುತ್ತಿದ್ದ ಚಿನ್ನ ಕೊನೆಯಲ್ಲಿ 3 ಗ್ರಾಮಿಗೂ ಕೆಳಗಿಳಿದಿತ್ತು, ಗಣಿ ಮೂರು ಕಿಲೋಮೀಟರ್ ಆಳ ದಾಟಿತ್ತು, ಯಾವ ಬೆಲೆ ಕೊಟ್ಟರೂ ಉಳಿಯುತ್ತಿರಲಿಲ್ಲ ಎನ್ನುವವರಿದ್ದಾರೆ. 1990ರ ದಶಕದ ಮಟ್ಟಿಗೆ ಅವರ ಮಾತು ಸರಿ; ಆಗ ಪೇಟೆಯ ದರದಲ್ಲೂ ಲೆಕ್ಕ ಹೊಂದುತ್ತಿರಲಿಲ್ಲ. ಆದರೆ ಗಣಿಗೆ ಹೊಸ ಯಂತ್ರ, ಹೊಸ ಅನ್ವೇಷಣೆ ಬೇಕಾಗಿದ್ದದ್ದು ಮೂವತ್ತು ವರ್ಷ ಮೊದಲು. ಅರ್ಧ ಬೆಲೆಯ ಲೆಕ್ಕದಲ್ಲಿ ರೋಗಿಯಂತೆ ಕಾಣುವ ಉದ್ಯಮಕ್ಕೆ ಬಂಡವಾಳ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ನಿಧಿಯ ಕಾನೂನು ಭಾರತದ ಕೈ ಕಟ್ಟಿತ್ತು ಎಂಬುದು ಇನ್ನೊಂದು ಆಕ್ಷೇಪ. ಸದಸ್ಯ ರಾಷ್ಟ್ರ ಒಪ್ಪಿತ ದರ ಮೀರಿ ಚಿನ್ನ ಕೊಳ್ಳುವಂತಿರಲಿಲ್ಲ, ನಿಜ. ಆದರೆ ಅದೇ ಕಾನೂನಿನಡಿ ಕೆನಡಾ 1948ರಲ್ಲಿ, ಆಸ್ಟ್ರೇಲಿಯಾ 1954ರಲ್ಲಿ ತಮ್ಮ ಚಿನ್ನದ ಗಣಿಗಳಿಗೆ ನೆರವಿನ ಕಾಯ್ದೆ ಮಾಡಿ ಹಣವನ್ನು ಬಹಿರಂಗವಾಗಿ ಕೊಟ್ಟವು. ಇಲ್ಲಿಯೂ ಗಣಿಯನ್ನು ನಡೆಸಿದ್ದು ಸರ್ಕಾರದ ಹಣವೇ. ಆದರೆ ಅದು ಲೆಕ್ಕಕ್ಕೆ ಬಂದದ್ದು ನಷ್ಟ ಎಂಬ ತಲೆಬರಹದಡಿ. ಬೊಕ್ಕಸಕ್ಕೆ ಸೇರಿದ ಲಾಭವನ್ನು ಗಣಿಯ ಕೊರತೆಯೆಂದು ಬರೆದರೆ, ದುಡಿದವರ ಮೇಲೆ ಅಪವಾದ ಹೊರಿಸಿದಂತೆ.

ಆ ಬೆಲೆ ಎಷ್ಟು ಅವಾಸ್ತವವಾಗಿತ್ತೆಂಬುದಕ್ಕೆ ರಿಸರ್ವ್ ಬ್ಯಾಂಕಿನ ಪುಸ್ತಕವೇ ಸಾಕ್ಷಿ. ಅದು ತನ್ನ ಚಿನ್ನಕ್ಕೆ 10 ಗ್ರಾಮಿಗೆ 84 ರೂಪಾಯಿ 39 ಪೈಸೆಯ ದರವನ್ನೇ 1990ರ ಅಕ್ಟೋಬರಿನವರೆಗೆ ಇಟ್ಟುಕೊಂಡಿತ್ತು. 1991ರ ಜುಲೈಯಲ್ಲಿ ದೇಶ ಸುಮಾರು 47 ಟನ್ ಚಿನ್ನ ಅಡವಿಟ್ಟು 40.5 ಕೋಟಿ ಡಾಲರ್ ತಂದಿತು, ಆಗಿನ ರೂಪಾಯಿಯಲ್ಲಿ ಸಾವಿರ ಕೋಟಿಯ ಆಸುಪಾಸು. ಹಳೆಯ ಪುಸ್ತಕದ ದರದಲ್ಲಿ ಅಷ್ಟು ಚಿನ್ನದ ಬೆಲೆ 40 ಕೋಟಿಯೂ ಆಗುತ್ತಿರಲಿಲ್ಲ.

ಈಗ ಇನ್ನೊಂದು ಲೆಕ್ಕ ಆರಂಭವಾಗುತ್ತಿದೆ. ಗಣಿ ಊರಿನ ಸುತ್ತ ಬಿದ್ದಿರುವ ಸೈನೈಡ್ ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿಮಣ್ಣಿದೆ. ಅದನ್ನು ಹರಾಜು ಹಾಕಲು ಕರ್ನಾಟಕದ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಗುಡ್ಡಗಳ ಚಿನ್ನಕ್ಕೆ ಯಾವ ಬೆಲೆ ಕಟ್ಟುತ್ತಾರೆ, ರಾಜಧನ ಎಷ್ಟು, ಸೈನೈಡ್ ಧೂಳು ತೊಳೆಯುವ ಖರ್ಚು ಯಾರ ಬದಿಗೆ ಬೀಳುತ್ತದೆ ಎಂಬುದನ್ನು ಹರಾಜಿನ ಮೊದಲೇ ಪ್ರಕಟಿಸಬೇಕು. ಅದರ ಜೊತೆಗೆ 1956ರಿಂದ 2001ರವರೆಗಿನ ಗಣಿಯ ಲೆಕ್ಕವನ್ನು ವರ್ಷವರ್ಷವೂ ಎರಡು ಬೆಲೆಯ ಅಂಕಣಗಳಲ್ಲಿ, ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅಚ್ಚು ಹಾಕಿಸಿ ಕೆಜಿಎಫ್ ಮತ್ತು ಬಂಗಾರಪೇಟೆಯ ಗ್ರಂಥಾಲಯಗಳಲ್ಲಿ ಇಡಬೇಕೆಂದು ರಾಜ್ಯ ಮತ್ತು ಕೇಂದ್ರ ಸರ್ಕಾರಗಳನ್ನು ಒತ್ತಾಯಿಸುತ್ತೇನೆ.